ಬೆರಳನ್ನರಿಯುವ ಗಾಜು

ಕಳೆದ ಮಾಸದಲ್ಲಿ ಒಂದು ಬ್ಯಾಂಕಿನ ಯಂತ್ರದ ಮುಂದೆ ನಾನು ಅಪಮಾನಿತನಾದೆನು. ಮನೆಯ ಮೊಬೈಲಿನ ಅಭ್ಯಾಸದಂತೆ ಅದರ ತೆರೆಯನ್ನು ಮೆಲ್ಲನೆ ಸೋಕಿದರೆ ಅದು ಓಗೊಡಲಿಲ್ಲ. ಹಿಂದೆ ನಿಂತಿದ್ದ ತರುಣನೊಬ್ಬನು, “ವಯಸ್ಸಾದವರು ಜೊತೆಗೆ ಯಾರನ್ನಾದರೂ ಕರೆದುಕೊಂಡು ಬರಬೇಕು” ಎಂದನು. ಮೂವತ್ತು ವರ್ಷ ಮಕ್ಕಳಿಗೆ ಅಕ್ಷರ ತಿದ್ದಿಸಿದ ಬೆರಳಿಗೆ ಈ ಮಾತು! ಮನೆಗೆ ಬಂದು ಗ್ರಂಥಗಳನ್ನು ನೋಡಿದೆನು. ತಪ್ಪು ಬೆರಳಿನದಲ್ಲ, ಸ್ಪರ್ಶಪಟಗಳಲ್ಲಿಯೇ ಹಲವು ಬಗೆಗಳುಂಟು.

ಆ ಬ್ಯಾಂಕಿನದು ಒತ್ತಡವನ್ನರಿಯುವ ಬಗೆ. ವಿದ್ಯುತ್ತು ಹರಿಯುವ ಪಾರದರ್ಶಕ ಲೇಪವುಳ್ಳ ಎರಡು ಪದರಗಳು ಅದರಲ್ಲಿ ಸ್ವಲ್ಪವೇ ಅಂತರದಲ್ಲಿರುವುವು. ಮೇಲಿನದು ಬಾಗುವ ಪ್ಲಾಸ್ಟಿಕ್ಕು. ಒತ್ತಿದೆಡೆಯಲ್ಲಿ ಎರಡೂ ಕೂಡಲು, ಅಲ್ಲಿಯ ವೋಲ್ಟೇಜನ್ನಳೆದು ಯಂತ್ರವು ಸ್ಥಾನವನ್ನು ನಿರ್ಣಯಿಸುವುದು. ಉಗುರಾಗಲಿ, ಕಡ್ಡಿಯಾಗಲಿ ಅದಕ್ಕೆ ಒಂದೇ. ಆದರೆ ಬೇಗ ಗೀರು ಬೀಳುವುದು.

ಮೊಬೈಲಿನ ಬಗೆ ಬೇರೆ. ಇಂಗ್ಲೆಂಡಿನ ಇ. ಎ. ಜಾನ್ಸನ್ ಎಂಬವರು 1965ರಲ್ಲಿಯೇ ಇಂಥದನ್ನು ವಿವರಿಸಿದ್ದರು. 2007ರಲ್ಲಿ ಐಫೋನು ಬಂದ ಮೇಲೆ ಅದು ಎಲ್ಲೆಡೆ ಹಬ್ಬಿತು. ಗಾಜಿನಡಿಯಲ್ಲಿ ಕಣ್ಣಿಗೆ ಕಾಣದ ವಾಹಕರೇಖೆಗಳ ಜಾಲವಿದ್ದು, ಅದರಲ್ಲಿ ವಿದ್ಯುತ್‌ಕ್ಷೇತ್ರವೊಂದು ನೆಲಸಿರುವುದು. ನಮ್ಮ ಶರೀರವು ಲವಣಜಲದಿಂದ ತುಂಬಿದುದರಿಂದ ವಿದ್ಯುದ್ವಾಹಕ. ಬೆರಳು ಸಮೀಪಿಸಿದೊಡನೆ ಆ ಕ್ಷೇತ್ರವು ಕದಲುವುದು. ಬೆರಳಿನ ಬಿಸುಪನ್ನೇ ಅದು ಗ್ರಹಿಸುವುದೆಂದು ನಾನು ಭ್ರಮಿಸಿದ್ದೆನು. ತರ್ಕಶಾಸ್ತ್ರದಲ್ಲಿ ಸ್ಪರ್ಶವು ಶೀತ, ಉಷ್ಣ, ಎರಡೂ ಅಲ್ಲದ್ದು ಎಂದು ಮೂರು ವಿಧ. ಈ ಗಾಜು ಅವುಗಳಲ್ಲಿ ಒಂದನ್ನೂ ಅರಿಯದು!

“ತಾತ, ಉಗುರು ಬೇಡ, ಬೆರಳು ಇಡಿ” ಎಂದು ಮೊಮ್ಮಗಳು ಹೇಳುತ್ತಿದ್ದುದರ ಕಾರಣ ಈಗ ತಿಳಿಯಿತು. ಉಗುರು ವಿದ್ಯುತ್ತನ್ನು ಒಯ್ಯದು. ಒಣಗಿ ದಡ್ಡುಗಟ್ಟಿದ ಬೆರಳನ್ನೂ ಅದು ಕೆಲವೊಮ್ಮೆ ಗುರುತಿಸದು. ಪಾತ್ರೆ ತೊಳೆದ ಕೈಯಿಂದ ನನ್ನ ಮನೆಯವಳು ಮುಟ್ಟಿದಾಗ ಮೊಬೈಲು ಹುಚ್ಚೆದ್ದಂತೆ ಕುಣಿಯುವುದೂ ಇದರಿಂದಲೇ: ನೀರಿನ ಹನಿಯೂ ಕ್ಷೇತ್ರವನ್ನು ಕದಲಿಸುವುದು. ಸೆರಗಿನಿಂದ ಕೈಯನ್ನೂ ಗಾಜನ್ನೂ ಒರೆಸಿದರೆ ಸಾಕು.

ಮೂರನೆಯದೊಂದುಂಟು. ಚೌಕಟ್ಟಿನ ಅಂಚಿನಿಂದ ಅಂಚಿಗೆ ಕಾಣದ ಅವರಕ್ತ ಕಿರಣಗಳು ಹಾಯುತ್ತಿರಲು, ಬೆರಳು ಅವನ್ನು ತಡೆದ ಸ್ಥಾನವನ್ನು ಯಂತ್ರವು ತಿಳಿಯುವುದು. 1972ರಲ್ಲಿ ಅಮೆರಿಕೆಯ ಇಲಿನಾಯ್ ವಿಶ್ವವಿದ್ಯಾನಿಲಯದ ಪ್ಲೇಟೋ ಎಂಬ ಬೋಧನಯಂತ್ರದಲ್ಲಿ ವಿದ್ಯಾರ್ಥಿಗಳು ಹೀಗೆಯೇ ಉತ್ತರವನ್ನು ಮುಟ್ಟಿ ತೋರಿಸುತ್ತಿದ್ದರು. ಉಪಾಧ್ಯಾಯನಾದ ನನಗೆ ಈ ಸಂಗತಿ ಬಹು ಹಿತವಾಯಿತು.

ಈ ಮಾಸ ಪುನಃ ಬ್ಯಾಂಕಿಗೆ ಒಬ್ಬನೇ ಹೋದೆನು. ಉಗುರಿನಿಂದಲೇ ಬಲವಾಗಿ ಒತ್ತಲು ಹಣ ಬಂದಿತು. ಆ ತರುಣನು ಅಲ್ಲಿರಲಿಲ್ಲ.