ಫ್ಲ್ಯಾಟಿನ ನಾಯಿಗೂ ಜಾಡಿನ ಪಾಠ

1993ರ ಮಾರ್ಚ್ 12ರ ಸರಣಿ ಸ್ಫೋಟದ ಬಳಿಕ ಮುಂಬಯಿ ಪೊಲೀಸರಿಗೆ ಸಿಡಿಯದೆ ಉಳಿದ ಬಾಂಬುಗಳನ್ನು ಹುಡುಕುವುದೇ ದೊಡ್ಡ ಕೆಲಸವಾಯಿತು. ಆ ಹುಡುಕಾಟದಲ್ಲಿ ಮುಂದೆ ನಿಂತದ್ದು ಜಂಜೀರ್ ಎಂಬ ಲ್ಯಾಬ್ರಡಾರ್. ಪುಣೆಯಲ್ಲಿ ತರಬೇತಿ ಮುಗಿಸಿ ಬಾಂಬ್ ಪತ್ತೆ ದಳಕ್ಕೆ ಸೇರಿ ಇನ್ನೂ ಮೂರು ತಿಂಗಳೂ ಆಗಿರಲಿಲ್ಲ. ಧನಜಿ ಸ್ಟ್ರೀಟ್‌ನಲ್ಲಿ ನಿಲ್ಲಿಸಿದ್ದ ಸ್ಕೂಟರಿನಲ್ಲಿ ಸ್ಫೋಟಕ ಇದೆ ಎಂದು ತೋರಿಸಿಕೊಟ್ಟದ್ದು ಅದೇ. ಮುಂಬ್ರಾ, ಥಾಣೆಗಳಲ್ಲೂ ಅದರ ಮೂಗು ಅನಾಹುತ ತಪ್ಪಿಸಿತು. 3,329 ಕಿಲೋ ಆರ್‌ಡಿಎಕ್ಸ್, 600 ಡಿಟೋನೇಟರ್, 249 ಕೈಬಾಂಬು ಅದರ ಲೆಕ್ಕಕ್ಕೆ ಸೇರಿವೆ. 2000ದ ನವೆಂಬರ್ 16ರಂದು ಜಂಜೀರ್ ತೀರಿಕೊಂಡಾಗ ಪೊಲೀಸ್ ಇಲಾಖೆ ಸಕಲ ಗೌರವದೊಂದಿಗೆ ಬೀಳ್ಕೊಟ್ಟಿತು.

ಅದೇ ತಳಿಯ ನಾಯಿಗಳು ಇಂದು ಥಾಣೆಯ ಘೋಡ್‌ಬಂದರ್ ರಸ್ತೆಯ ಗೋಪುರಗಳಲ್ಲಿ, ಡೊಂಬಿವಲಿಯ ಹಳೆಯ ಬಿಲ್ಡಿಂಗುಗಳಲ್ಲಿ, ಖಾರ್‌ಘರ್‌ನ ಸೊಸೈಟಿಗಳಲ್ಲಿ ಮನೆಮಕ್ಕಳಂತೆ ಬೆಳೆಯುತ್ತಿವೆ. ಹೊಟ್ಟೆಗೆ ಕೊರತೆಯಿಲ್ಲ, ಪ್ರೀತಿಗೂ ಇಲ್ಲ. ಕೊರತೆ ಇರುವುದು ಮೂಗಿನ ಕೆಲಸಕ್ಕೆ. ಬೆಳಿಗ್ಗೆ ಲಿಫ್ಟಿನಲ್ಲಿ ಇಳಿಸಿ, ಗೇಟಿನಾಚೆ ಒಂದು ಸುತ್ತು ಹಾಕಿಸಿ, ಎಲ್ಲಾದರೂ ನಿಂತು ಮೂಸಿದರೆ ‘ನಡಿ ನಡಿ’ ಎಂದು ಹಗ್ಗ ಎಳೆಯುವುದು ಸಾಮಾನ್ಯ ದೃಶ್ಯ. ಒಡೆಯರಿಗೆ ಎಂಟೂ ಹತ್ತರ ಲೋಕಲ್ ಹಿಡಿಯುವ ಅವಸರ, ನಿಜ. ಆದರೆ ನಾಯಿಯ ಪಾಲಿಗೆ ಆ ಮೂಸುವಿಕೆಯೇ ವಾಕಿಂಗ್‌ನ ಸಾರ.

ಮನುಷ್ಯನ ಮೂಗಿನಲ್ಲಿ ವಾಸನೆ ಗ್ರಹಿಸುವ ಜೀವಕೋಶಗಳು ಐವತ್ತು, ಅರವತ್ತು ಲಕ್ಷವಿದ್ದರೆ ನಾಯಿಯಲ್ಲಿ ತಳಿಗೆ ತಕ್ಕಂತೆ ಇಪ್ಪತ್ತು, ಮೂವತ್ತು ಕೋಟಿಯವರೆಗೂ ಇರುತ್ತವೆ. ಉಸಿರು ಬಿಡುವಾಗ ಗಾಳಿ ಮೂಗಿನ ಹೊಳ್ಳೆಗಳ ಪಕ್ಕದ ಸೀಳಿನಿಂದ ಹೊರಗೆ ಹೋಗುವುದರಿಂದ ಎದುರಿಗಿರುವ ವಾಸನೆ ಚದುರುವುದಿಲ್ಲ. ಬೆಲ್‌ಫಾಸ್ಟ್‌ನ ಕ್ವೀನ್ಸ್ ವಿಶ್ವವಿದ್ಯಾಲಯದ ಪೀಟರ್ ಹೆಪ್ಪರ್ ಮತ್ತು ಡೆಬೊರಾ ವೆಲ್ಸ್ 2005ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಬೆರಗು ಹುಟ್ಟಿಸುತ್ತದೆ. ಒಬ್ಬ ವ್ಯಕ್ತಿ ಯಾವ ಕಡೆಗೆ ನಡೆದುಹೋದ ಎಂದು ತಿಳಿಯಲು ತರಬೇತಾದ ನಾಯಿಗೆ ಐದು ಹೆಜ್ಜೆಗಳ ವಾಸನೆ ಸಾಕು, ಮೂರು ಸಾಲದು. ಮೊದಲ ಹೆಜ್ಜೆಗೂ ಐದನೆಯದಕ್ಕೂ ನಡುವೆ ಹೋಗುವುದು ಕೆಲವೇ ಕ್ಷಣ. ಅಷ್ಟರಲ್ಲಿ ವಾಸನೆಯಲ್ಲಿ ಆಗುವ ವ್ಯತ್ಯಾಸವನ್ನು ಅದರ ಮೂಗು ಅಳೆದುಬಿಡುತ್ತದೆ!

ಈ ಕೆಲಸ ನಾಯಿಯ ಮನಸ್ಸಿಗೂ ಒಳ್ಳೆಯದು. ಶಾರ್ಲಟ್ ಡ್ಯೂರಾಂಟನ್ ಮತ್ತು ಅಲೆಕ್ಸಾಂಡ್ರಾ ಹೊರೊವಿಟ್ಸ್ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸಾಕುನಾಯಿಗಳ ಒಂದು ಗುಂಪಿಗೆ ಎರಡು ವಾರ ವಾಸನೆ ಹುಡುಕುವ ಆಟ, ಇನ್ನೊಂದಕ್ಕೆ ಒಡೆಯರ ಪಕ್ಕದಲ್ಲೇ ಶಿಸ್ತಾಗಿ ನಡೆಯುವ ಅಭ್ಯಾಸ ಮಾಡಿಸಿದರು. ಆಮೇಲೆ, ತಿಂಡಿ ಇದೆಯೋ ಇಲ್ಲವೋ ಗೊತ್ತಿಲ್ಲದ ಬಟ್ಟಲಿನ ಕಡೆಗೆ ಮೂಸುವ ಗುಂಪಿನ ನಾಯಿಗಳು ಮೊದಲಿಗಿಂತ ಬೇಗ ಹೋದವು. ಸಂದೇಹ ಇದ್ದಲ್ಲೂ ಅವು ಒಳ್ಳೆಯದನ್ನೇ ನಿರೀಕ್ಷಿಸುತ್ತಿದ್ದವು ಎಂದು ಸಂಶೋಧಕರು ಅರ್ಥೈಸಿದರು. ಇಡೀ ದಿನ ಬಾಲ್ಕನಿಯಲ್ಲಿ ಕೂತು ಬೊಗಳುವ ನಾಯಿಯ ಮನೆಯವರು ಇದನ್ನು ಗಮನಿಸಬೇಕು.

ಪಾಠವನ್ನು ಹಾಲ್‌ನಲ್ಲೇ ಶುರುಮಾಡಬಹುದು. ಮೂರು ನಾಲ್ಕು ಖಾಲಿ ರಟ್ಟಿನ ಡಬ್ಬಿ ಇಟ್ಟು ಒಂದರಲ್ಲಿ ಬೇಯಿಸಿದ ಕೋಳಿಯ ಅಥವಾ ಪನೀರಿನ ಚೂರು ಹಾಕಿ, ಸರಿಯಾದ ಡಬ್ಬಿಗೆ ಮೂಗಿಟ್ಟಾಗ ಅಲ್ಲೇ ಇನ್ನೊಂದು ಚೂರು ಕೊಡುವುದು. ಅಮೆರಿಕದಲ್ಲಿ ಬೆಳೆದ ‘ನೋಸ್ ವರ್ಕ್’ ಕ್ರೀಡೆಯಲ್ಲಿ ನಾಯಿಗಳು ಹುಡುಕುವ ಮೂರು ವಾಸನೆಗಳಲ್ಲಿ ಲವಂಗವೂ ಒಂದು. ನಮ್ಮ ಮನೆಗಳಲ್ಲಿ ಅದು ಮಸಾಲೆ ಡಬ್ಬಿಯಲ್ಲೇ ಸಿಗುತ್ತದೆ. ತೂತು ಮಾಡಿದ ಪುಟ್ಟ ಡಬ್ಬಿಯಲ್ಲಿ ಒಂದೆರಡು ಲವಂಗ ಮುಚ್ಚಿಟ್ಟರೆ ಸಾಕು. ಲವಂಗದ ಎಣ್ಣೆಯನ್ನು ಮಾತ್ರ ನಾಯಿ ನೆಕ್ಕುವಂತೆ ಇಡಬಾರದು.

ನಿಜವಾದ ಜಾಡು ಹಿಡಿಯಲು ಹುಲ್ಲು ಬೇಕು. ಕಲ್ಯಾಣ್, ಡೊಂಬಿವಲಿಗಳಲ್ಲಿ ಕ್ರಿಕೆಟ್ ಶುರುವಾಗುವ ಮುಂಚಿನ ಯಾವ ಮೈದಾನವಾದರೂ ಆದೀತು. ಮನೆಯ ಒಬ್ಬರು ಒಂದು ಕಡೆ ನಿಂತು ಕಾಲಿನಿಂದ ಹುಲ್ಲನ್ನು ಚೆನ್ನಾಗಿ ತುಳಿಯುತ್ತಾರೆ. ಅಲ್ಲಿಂದ ಗಾಳಿ ಬೆನ್ನಿಗೆ ಬೀಳುವಂತೆ ನೇರವಾಗಿ ಇಪ್ಪತ್ತು ಹೆಜ್ಜೆ ನಡೆಯುತ್ತ ಪ್ರತಿ ಹೆಜ್ಜೆಯ ಗುರುತಿನಲ್ಲೂ ಉಗುರಿನಷ್ಟು ತಿಂಡಿ ಹಾಕುತ್ತಾರೆ. ಕೊನೆಯಲ್ಲಿ ತಮ್ಮದೇ ಹಳೆಯ ಕಾಲುಚೀಲ, ಅದರ ಮೇಲೆ ದೊಡ್ಡ ಬಹುಮಾನ. ನಾಯಿಗೆ ಕತ್ತಿನ ಪಟ್ಟಿಯ ಬದಲು ಎದೆಗೆ ಹಾರ್ನೆಸ್, ಅದಕ್ಕೆ ಐದಾರು ಮೀಟರ್ ಹಗ್ಗ. ಹಿಡಿದವರು ಹಿಂದೆ ಇರಬೇಕು, ಬಾಯಿ ಮುಚ್ಚಿಕೊಂಡಿರಬೇಕು. ಇಲ್ಲಿ ಗೊತ್ತಿರುವುದು ನಾಯಿಗೆ, ಮನುಷ್ಯನಿಗಲ್ಲ. ಜಾಡಿನ ಮೇಲಿರುವಾಗ ಅದರ ತಲೆ ತಗ್ಗಿರುತ್ತದೆ, ಸಣ್ಣ ಸಣ್ಣ ಉಸಿರಿನ ಸದ್ದು ಬಿಡದೆ ಕೇಳುತ್ತದೆ. ಜಾಡು ತಪ್ಪಿದ ಗಳಿಗೆಯಲ್ಲಿ ಆ ಸದ್ದು ನಿಂತು ತಲೆ ಮೇಲೇಳುತ್ತದೆ. ಆಗ ಹಗ್ಗ ಎಳೆಯದೆ ನಿಂತಲ್ಲೇ ನಿಂತರೆ ಅದು ಒಂದು ಸುತ್ತು ಹೊಡೆದು ತಾನೇ ಮತ್ತೆ ಹಿಡಿಯುತ್ತದೆ. ಈ ತಾಳ್ಮೆ ಕಲಿಯಲು ನಾಯಿಗಿಂತ ಒಡೆಯರಿಗೇ ಹೆಚ್ಚು ಕಾಲ ಬೇಕು. ವಾರಗಳು ಕಳೆದಂತೆ ಹೆಜ್ಜೆಗಳ ನಡುವಿನ ತಿಂಡಿ ಕಡಿಮೆ ಮಾಡಿ, ತಿರುವು ಸೇರಿಸಿ, ಜಾಡು ಹಾಕಿ ಅರ್ಧ ಗಂಟೆ ಕಳೆದ ಮೇಲೆ ನಾಯಿಯನ್ನು ಬಿಡಬಹುದು.

ಈ ಸೀಮೆಯ ಹವೆಯೂ ಪಾಠದ ಭಾಗವೇ. ನಡೆದವರ ಮೈಯಿಂದ ಉದುರಿದ ಚರ್ಮದ ಸೂಕ್ಷ್ಮ ಹುಡಿ, ತುಳಿದ ಹುಲ್ಲಿನ ರಸ, ಕೆದಕಿದ ಮಣ್ಣು, ಇವೆಲ್ಲ ಸೇರಿ ಜಾಡು. ಚಳಿಗಾಲದ ಮುಂಜಾವಿನಲ್ಲಿ, ಇಬ್ಬನಿಯ ತೇವದಲ್ಲಿ ಅದು ನೆಲಕ್ಕಂಟಿ ಉಳಿಯುತ್ತದೆ. ಬಿಸಿಲೇರಿದಂತೆ ಮೇಲೆದ್ದು ಚದುರುತ್ತದೆ, ಮಧ್ಯಾಹ್ನ ಖಾಡಿಯ ಕಡೆಯ ಗಾಳಿ ಅದನ್ನು ಪಕ್ಕಕ್ಕೆ ಒಯ್ಯುತ್ತದೆ. ಏಪ್ರಿಲ್, ಮೇ ಸೆಕೆಯಲ್ಲಿ ನಾಯಿ ಬಾಯಿ ತೆರೆದು ಏದುಸಿರು ಬಿಡತೊಡಗಿದರೆ ಮೂಸುವ ಶಕ್ತಿಯೇ ಕುಗ್ಗುತ್ತದೆ. ನೀರು ಕುಡಿಸಿ ಮನೆಗೆ ಕರೆತರುವುದೇ ಸರಿ. ಡೊಂಬಿವಲಿ ಎಂಐಡಿಸಿಯ ಕಾರ್ಖಾನೆಗಳ ಕಡೆಯಿಂದ ರಾಸಾಯನಿಕದ ಘಾಟು ಬರುವ ದಿನ ಅಭ್ಯಾಸ ಬೇಡ. ಮಳೆಗಾಲದಲ್ಲಿ ಇಲಿಯ ಮೂತ್ರ ಬೆರೆತ ನಿಂತ ನೀರಿನಿಂದ ಲೆಪ್ಟೊಸ್ಪೈರೋಸಿಸ್ ತಗಲುವ ಅಪಾಯ ನಾಯಿಗೂ ಇದೆ, ಮನುಷ್ಯರಿಗೂ ಇದೆ. ಲಸಿಕೆ ಹಾಕಿಸದೆ ಹೊಲಸು ನೀರಿನ ಬಳಿ ಮೂಸಲು ಬಿಡಬಾರದು. ಥಾಣೆಯ ಯೇವೂರು ಬೆಟ್ಟ ಎಷ್ಟೇ ಕರೆದರೂ ಅದು ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಅಂಚು. ಅಲ್ಲಿನ ಚಿರತೆಗಳಿಗೆ ನಾಯಿ ಆಹಾರ.

ಯಾವ ತಳಿ ಆದೀತು? ಲ್ಯಾಬ್ರಡಾರ್, ಬೀಗಲ್‌ಗಳಿಗೆ ಇದು ಹುಟ್ಟುಗುಣ. ದಾವಣಗೆರೆ ಪೊಲೀಸ್ ಶ್ವಾನದಳದ ತುಂಗಾ ಡಾಬರ್‌ಮನ್ ಆಗಿತ್ತು. 2020ರಲ್ಲಿ ಅದು ಸುಮಾರು 12 ಕಿಲೋಮೀಟರ್ ಓಡಿ ಕೊಲೆ ಆರೋಪಿಯ ಸುಳಿವು ಹಿಡಿದದ್ದು ದೇಶವಿಡೀ ಸುದ್ದಿಯಾಯಿತು. ನಮ್ಮ ಮುಧೋಳ ನಾಯಿ ಕಣ್ಣಿನಿಂದ ಬೇಟೆಯಾಡುವ ಜಾತಿ, ಆದರೂ ಸೇನೆ ಅದನ್ನು ತರಬೇತಿಗಾಗಿ ಮೀರತ್‌ಗೆ ಒಯ್ದಿತು. ಬೀದಿಯಿಂದ ಮನೆಗೆ ಬಂದ ದೇಸಿ ನಾಯಿಗೂ ಇದು ಬರುತ್ತದೆ. ಚಪ್ಪಟೆ ಮೂತಿಯ ಪಗ್‌ಗೆ ಮಾತ್ರ ಉಸಿರಾಟದ ತೊಂದರೆ ಇರುವುದರಿಂದ ಆಟವನ್ನು ತಂಪಾದ ಕೋಣೆಯೊಳಗೇ ಇಟ್ಟುಕೊಳ್ಳಬೇಕು.

ಹುಲ್ಲಿನಲ್ಲಿ ಗೆದ್ದ ನಾಯಿ ಕಾಂಕ್ರೀಟಿಗೆ ಬಂದಾಗ ತಡವರಿಸುತ್ತದೆ. ತುಳಿದು ಜಜ್ಜಲು ಅಲ್ಲಿ ಹುಲ್ಲಿಲ್ಲ, ಉಳಿಯುವುದು ಮನುಷ್ಯನ ವಾಸನೆ ಮಾತ್ರ, ಅದೂ ಗೋಡೆ ಬುಡಕ್ಕೆ, ಫುಟ್‌ಪಾತಿನ ಅಂಚಿಗೆ ಸರಿದಿರುತ್ತದೆ. ಅಮೆರಿಕನ್ ಕೆನಲ್ ಕ್ಲಬ್ ಹುಲ್ಲು, ಕಾಂಕ್ರೀಟ್ ಮುಂತಾದ ಬಗೆಬಗೆಯ ನೆಲಕ್ಕೆಂದೇ ನಡೆಸುವ ಪರೀಕ್ಷೆಯಲ್ಲಿ ನಾಯಿ 600ರಿಂದ 800 ಗಜ ಉದ್ದದ, ಮೂರರಿಂದ ಐದು ಗಂಟೆ ಹಳೆಯ ಜಾಡನ್ನು ಹಿಡಿಯಬೇಕು. ನವಿಮುಂಬಯಿಯ ಅಗಲ ಫುಟ್‌ಪಾತುಗಳಲ್ಲಿ ಇದರ ಚಿಕ್ಕ ರೂಪ ಸಾಧ್ಯ. ಭಾನುವಾರ ಬೆಳಿಗ್ಗೆ, ಗಾಡಿಗಳ ಓಡಾಟ ಶುರುವಾಗುವ ಮೊದಲು, ಅರ್ಧ ಹುಲ್ಲು ಅರ್ಧ ಸಿಮೆಂಟ್ ಇರುವ ಮೂವತ್ತು ಹೆಜ್ಜೆಯ ಜಾಡಿನಿಂದ ಆರಂಭಿಸಬಹುದು.