ಕಂಪ್ಯೂಟರಿನ ಸೂಚನೆಗಳೂ ನಮ್ಮ ಗಮನವೂ

ಮೇಜಿನ ಮೇಲಿಡುವ ಕಂಪ್ಯೂಟರು ಈಗ ಮನೆಗಳಲ್ಲಿ ಅಪರೂಪದ ವಸ್ತುವಲ್ಲ. ಮಕ್ಕಳ ಪಾಠಕ್ಕೂ, ತಂದೆತಾಯಂದಿರ ಬ್ಯಾಂಕಿನ ವ್ಯವಹಾರಕ್ಕೂ, ದೂರದೇಶದಲ್ಲಿರುವ ಬಂಧುಗಳೊಡನೆ ಸಂಭಾಷಣೆಗೂ ಅದೊಂದೇ ಸಾಧನವಾಗಿರುವುದುಂಟು. ಅದರ ಮುಂದೆ ಕುಳಿತು ಓದಲಾರಂಭಿಸಿದೊಡನೆ ತೆರೆಯ ಮೂಲೆಯಲ್ಲಿ ಸಣ್ಣದೊಂದು ಚೌಕವು ಮೂಡಿ, ಶಬ್ದಮಾಡಿ, ಕೆಲವು ಕ್ಷಣಗಳಲ್ಲಿ ಮರೆಯಾಗುವುದನ್ನು ವಾಚಕರು ನೋಡಿರಬಹುದು. ಇದಕ್ಕೆ ನೋಟಿಫಿಕೇಶನ್ ಎಂದು ಹೆಸರು, ನಾವು ಸೂಚನೆಯೆನ್ನೋಣ. ಇವುಗಳನ್ನು ಹತೋಟಿಯಲ್ಲಿಡುವ ಬಗೆಯನ್ನು, 2021ರಲ್ಲಿ ಹೊರಬಂದ ವಿಂಡೋಸ್ 11 ಎಂಬ ವ್ಯವಸ್ಥೆಯನ್ನು ಅನುಸರಿಸಿ ಇಲ್ಲಿ ವಿವರಿಸುವೆವು.

ಶಾಲೆಯ ಗಂಟೆಯನ್ನು ಬಾರಿಸುವವರು ಒಬ್ಬರೇ. ಬಾರಿಸತಕ್ಕ ವೇಳೆಗಳೂ ಗೊತ್ತಾಗಿರುವುವು. ಆದುದರಿಂದಲೇ ಅದು ಕೇಳಿಸಿದೊಡನೆ ಎಲ್ಲರೂ ಎಚ್ಚರಗೊಳ್ಳುವರು. ದಾರಿಹೋಕರೆಲ್ಲರೂ ಬಂದು ಆ ಗಂಟೆಯನ್ನು ಬಾರಿಸಬಹುದೆಂದಾದರೆ ಪಾಠಗಳು ನಡೆಯುವ ಬಗೆಯೆಂತು? ಕಂಪ್ಯೂಟರಿನಲ್ಲಿ ಆಗಿರುವುದು ಬಹುಮಟ್ಟಿಗೆ ಇದೇ. ಶಿಕ್ಷಕಿಯರ ಪತ್ರವು ಬಂದಿತೆಂಬುದನ್ನೂ, ಯಾವುದೋ ಅಂಗಡಿಯ ರಿಯಾಯಿತಿಯನ್ನೂ ಅದು ಒಂದೇ ಸ್ವರದಲ್ಲಿ ಸಾರುವುದು. ಓದುತ್ತಿರುವ ಹುಡುಗಿಯು ಪ್ರತಿಸಲವೂ ತಲೆಯೆತ್ತಿ ನೋಡುವಳು. ಕಡಿದುಹೋದ ವಿಚಾರದ ಎಳೆಯನ್ನು ಮತ್ತೆ ಹಿಡಿಯಲು ಶ್ರಮಪಡಬೇಕಾಗುವುದು. ನಿಷ್ಪ್ರಯೋಜಕವಾದ ಕೂಗಿಗೆ ಅಭ್ಯಾಸವಾದ ಕಿವಿಯು ಅಗತ್ಯವಾದ ಕರೆಯನ್ನೂ ಅಲಕ್ಷ್ಯಮಾಡುವುದೆಂಬುದು ಇದಕ್ಕಿಂತಲೂ ದೊಡ್ಡ ಹಾನಿ.

ಸೂಚನೆಗಳು ಮುಖ್ಯವಾಗಿ ಎರಡು ಮೂಲಗಳಿಂದ ಬರುವುವು. ಮೊದಲನೆಯದು, ಯಂತ್ರದಲ್ಲಿ ಸ್ಥಾಪಿಸಿದ ಆ್ಯಪ್‌ಗಳು. ಇವುಗಳನ್ನು ನಿಯಮಿಸಲು ಸೆಟ್ಟಿಂಗ್ಸ್ ತೆರೆದು, ಸಿಸ್ಟಮ್ ಎಂಬುದನ್ನೂ ಅದರೊಳಗೆ ನೋಟಿಫಿಕೇಶನ್ಸ್ ಎಂಬುದನ್ನೂ ಒತ್ತಬೇಕು. ಅಲ್ಲಿ ಸೂಚನೆ ಕಳುಹಿಸುವ ಆ್ಯಪ್‌ಗಳ ಪಟ್ಟಿಯಿದ್ದು, ಒಂದೊಂದು ಹೆಸರಿನ ಮುಂದೆಯೂ ಒಂದು ಗುಂಡಿಯಿರುವುದು. ಬೇಡವಾದುದರ ಗುಂಡಿಯನ್ನು ಆರಿಸಿದರೆ ಆ ಆ್ಯಪ್ ಎಂದಿನಂತೆ ಕೆಲಸಮಾಡುವುದು, ಆದರೆ ನಮ್ಮನ್ನು ಕೂಗದು. ಹೆಸರನ್ನೇ ಒತ್ತಿದರೆ ಇನ್ನೂ ಸೂಕ್ಷ್ಮವಾದ ಆಯ್ಕೆಗಳು ದೊರೆಯುವುವು: ಶಬ್ದವನ್ನು ಮಾತ್ರ ನಿಲ್ಲಿಸಬಹುದು, ಚೌಕವು ತೆರೆಯ ಮೇಲೆ ಮೂಡದೆ ಸಂಗ್ರಹದಲ್ಲಿ ಮಾತ್ರ ಸೇರುವಂತೆ ಮಾಡಬಹುದು, ಬೀಗಹಾಕಿದ ತೆರೆಯ ಮೇಲೆ ಪತ್ರದ ಒಕ್ಕಣೆಯು ಇತರರ ಕಣ್ಣಿಗೆ ಬೀಳದಂತೆ ಮರೆಮಾಡಬಹುದು. ಆ ಸಂಗ್ರಹವನ್ನು ನೋಡಬೇಕಾದಾಗ ವಿಂಡೋಸ್ ಕೀಲಿಯನ್ನೂ ಎನ್ ಅಕ್ಷರವನ್ನೂ ಕೂಡಿ ಒತ್ತಿದರಾಯಿತು.

ಅದೇ ಪುಟದಲ್ಲಿ ಡು ನಾಟ್ ಡಿಸ್ಟರ್ಬ್ ಎಂಬ ಗುಂಡಿಯೂ ಉಂಟು. ಇದನ್ನು ಹಾಕಿದಾಗ ಸೂಚನೆಗಳು ನಾಶವಾಗುವುದಿಲ್ಲ. ಸದ್ದಿಲ್ಲದೆ ಸಂಗ್ರಹಕ್ಕೆ ಹೋಗಿ ನಮಗಾಗಿ ಕಾದಿರುವುವು. ಅಲಾರಂಗಳೂ, ನಾವೇ ಮುಖ್ಯವೆಂದು ಗುರುತಿಸಿದ ಆ್ಯಪ್‌ಗಳ ಸೂಚನೆಗಳೂ ಮಾತ್ರ ಎಂದಿನಂತೆ ಕಾಣಿಸಿಕೊಳ್ಳುವುವು. ಗೊತ್ತುಪಡಿಸಿದ ವೇಳೆಯಲ್ಲಿ ಈ ಮೌನವು ತಾನಾಗಿಯೇ ಆರಂಭವಾಗುವಂತೆ ಏರ್ಪಡಿಸಬಹುದಾದ ಕಾರಣ, ಮನೆಯಲ್ಲಿ ಸಾಯಂಕಾಲದ ಓದಿನ ಹೊತ್ತಿಗೆ ಇದು ಬಹಳ ಉಪಯುಕ್ತವು. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಉಪಾಧ್ಯಾಯಿನಿಯರಾಗಿರುವವರು ಇನ್ನೊಂದನ್ನು ಗಮನಿಸಬೇಕು: ತಮ್ಮ ತೆರೆಯನ್ನೇ ಪ್ರೊಜೆಕ್ಟರಿನಲ್ಲಿ ತರಗತಿಗೆ ತೋರಿಸುವಾಗ ಮೌನವು ತಾನಾಗಿ ಬರುವಂತೆಯೂ ಅಲ್ಲಿ ಅನುಕೂಲವುಂಟು. ಮನೆಯವರ ಖಾಸಗಿ ಮಾತು ನಲವತ್ತು ಮಕ್ಕಳ ಮುಂದೆ ಗೋಡೆಯ ಮೇಲೆ ಮೂಡುವುದನ್ನು ಇದರಿಂದ ತಪ್ಪಿಸಬಹುದು.

ಎರಡನೆಯ ಮೂಲವು ವೆಬ್‌ಸೈಟುಗಳು. ಹೆಚ್ಚಿನ ಅಪಾಯವಿರುವುದು ಇಲ್ಲಿಯೇ. ಒಂದು ಪುಟವನ್ನು ತೆರೆದಾಗ ‘ಸೂಚನೆ ಕಳುಹಿಸಲು ಅನುಮತಿ ಕೊಡುವಿರಾ’ ಎಂಬ ಪ್ರಶ್ನೆಯು ಏಳುವುದುಂಟು. ಅವಸರದಲ್ಲಿ ಅಲೌ ಎಂಬುದನ್ನು ಒತ್ತಿದರೆ, ಆ ಪುಟವನ್ನು ಮುಚ್ಚಿದ ಮೇಲೆಯೂ ಅದರ ಸೂಚನೆಗಳು ಬರುತ್ತಲೇ ಇರುವುವು. ‘ನೀವು ಯಂತ್ರವಲ್ಲ, ಮನುಷ್ಯರೆಂದು ತೋರಿಸಲು ಅಲೌ ಒತ್ತಿರಿ’ ಎಂದು ಹೇಳಿ ಈ ಅನುಮತಿಯನ್ನು ಕಸಿದುಕೊಳ್ಳುವ ಮೋಸದ ಪುಟಗಳೂ ಇವೆ. ಆಮೇಲೆ ಅವು ‘ನಿಮ್ಮ ಕಂಪ್ಯೂಟರಿಗೆ ವೈರಸ್ ತಗಲಿದೆ, ಕೂಡಲೇ ಈ ಸಂಖ್ಯೆಗೆ ಫೋನ್ ಮಾಡಿರಿ’ ಎಂಬ ಸುಳ್ಳು ಎಚ್ಚರಿಕೆಗಳನ್ನು ಕಳುಹಿಸುವುವು. ಒಬ್ಬರೇ ಮನೆಯಲ್ಲಿರುವ ವೃದ್ಧರು ಇದನ್ನು ನಂಬಿ ಹಣ ಕಳೆದುಕೊಳ್ಳುವ ಸಂಭವವುಂಟು. ಇಂಥ ಸೂಚನೆಯಲ್ಲಿ ಸಾಮಾನ್ಯವಾಗಿ ಕ್ರೋಮ್ ಮೊದಲಾದ ಬ್ರೌಸರಿನ ಹೆಸರೂ, ಕಳುಹಿಸಿದ ಪುಟದ ವಿಳಾಸವೂ ಇರುವುವು. ಅದು ಕಂಪ್ಯೂಟರಿನ ಮಾತಲ್ಲ, ಹೊರಗಿನವರ ಮಾತೆಂಬುದಕ್ಕೆ ಇದೇ ಗುರುತು. ಅದನ್ನು ಒತ್ತಲೂ ಬಾರದು, ಆ ಸಂಖ್ಯೆಗೆ ಕರೆಯಲೂ ಬಾರದು.

ಕೊಟ್ಟ ಅನುಮತಿಯನ್ನು ಹಿಂತೆಗೆದುಕೊಳ್ಳುವುದು ಕಷ್ಟವಲ್ಲ. ಕ್ರೋಮ್‌ನ ಸೆಟ್ಟಿಂಗ್ಸ್‌ನಲ್ಲಿ ಪ್ರೈವೆಸಿ ಆ್ಯಂಡ್ ಸೆಕ್ಯುರಿಟಿ, ಅದರೊಳಗೆ ಸೈಟ್ ಸೆಟ್ಟಿಂಗ್ಸ್, ಅದರೊಳಗೆ ನೋಟಿಫಿಕೇಶನ್ಸ್ ಎಂಬಲ್ಲಿಗೆ ಹೋದರೆ ಅನುಮತಿ ಪಡೆದವುಗಳ ಪಟ್ಟಿಯು ದೊರೆಯುವುದು. ಪರಿಚಯವಿಲ್ಲದ ಹೆಸರುಗಳನ್ನೆಲ್ಲ ತಡೆಯಬಹುದು. ಇನ್ನು ಮುಂದೆ ಯಾವ ಸೈಟಿಗೂ ಅನುಮತಿಯಿಲ್ಲವೆಂದು ನಿಯಮಿಸಲೂಬಹುದು. ಒಂದು ವೇಳೆ ಹಣವು ಮೋಸಹೋಗಿದ್ದರೆ ನಾಚಿಕೆಯಿಂದ ಸುಮ್ಮನಿರದೆ, ಸರಕಾರದ ಸಹಾಯವಾಣಿಯಾದ 1930ಕ್ಕೆ ತಡಮಾಡದೆ ತಿಳಿಸತಕ್ಕದ್ದು.

ಎಲ್ಲ ಸೂಚನೆಗಳನ್ನೂ ನಿಲ್ಲಿಸಬೇಕೆಂಬುದು ನಮ್ಮ ಅಭಿಪ್ರಾಯವಲ್ಲ. ಆಪ್ತರ ಕರೆ, ತರಗತಿಯ ವೇಳೆ, ಯಂತ್ರದ ರಕ್ಷಣೆಗೆ ಸಂಬಂಧಿಸಿದ ಎಚ್ಚರಿಕೆ ಇವು ಇರತಕ್ಕವೇ. ಕೂಡಲೇ ತಿಳಿಯದಿದ್ದರೆ ನಷ್ಟವುಂಟೋ ಎಂದು ಒಂದೊಂದು ಹೆಸರಿಗೂ ಕೇಳಿಕೊಂಡರೆ ಉಳಿಯಬೇಕಾದವು ಯಾವುವೆಂದು ಗೊತ್ತಾಗುವುದು. ತಾಯಿಯೂ ಮಗಳೂ ಒಂದು ರಜಾದಿನ ಜೊತೆಯಾಗಿ ಕುಳಿತು ಈ ಪಟ್ಟಿಯನ್ನು ನೋಡಿದರೆ ಅರ್ಧ ಗಂಟೆಯ ಕೆಲಸ. ಊರಿಗೆ ಬಂದಾಗ ಅಜ್ಜ ಅಜ್ಜಿಯರ ಕಂಪ್ಯೂಟರಿಗೂ ಅದೇ ಉಪಕಾರವನ್ನು ಮಾಡಿಕೊಡಬೇಕೆಂದು ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ವಿಜ್ಞಾಪಿಸುತ್ತೇವೆ.