ಕಾಳಿದಾಸನ ಎಳವೆ: ದಂತಕಥೆಯಲ್ಲಿ, ನಾಟಕದಲ್ಲಿ

ಕ್ರಿ.ಶ. 634ರಲ್ಲಿ ಐಹೊಳೆಯ ಮೇಗುತಿ ಗುಡಿಗೆ ಇಮ್ಮಡಿ ಪುಲಕೇಶಿಯ ಪ್ರಶಸ್ತಿಯನ್ನು ರಚಿಸಿದ ರವಿಕೀರ್ತಿಯು, ತನ್ನ ಕವಿತಾಕೀರ್ತಿಯನ್ನು ಅಳೆದುಕೊಳ್ಳುವುದಕ್ಕೆ ಆರಿಸಿಕೊಂಡದ್ದು ಕಾಳಿದಾಸ ಭಾರವಿಗಳ ಹೆಸರುಗಳನ್ನು. ಮಾಳವದಿಂದ ಮಲಪ್ರಭೆಯ ಸೀಮೆಯವರೆಗೆ ಆ ವೇಳೆಗಾಗಲೇ ಪ್ರಮಾಣವಾಗಿ ನಿಂತಿದ್ದ ಆ ಮಹಾಕವಿಯ ತಾಯಿತಂದೆಗಳು ಯಾರು, ಹುಟ್ಟಿದ ಊರು ಯಾವುದು, ಅಕ್ಷರ ತಿದ್ದಿಸಿದ ಗುರು ಯಾರು ಎಂಬುದನ್ನು ಮಾತ್ರ ಯಾವ ಶಾಸನವೂ ತಿಳಿಸದು, ಅವನೂ ಹೇಳಿಕೊಂಡವನಲ್ಲ. ಅವನ ಮೊದಲ ನಾಟಕವೆಂದು ವಿದ್ವಾಂಸರು ಎಣಿಸುವ ‘ಮಾಲವಿಕಾಗ್ನಿಮಿತ್ರ’ದ ಪ್ರಸ್ತಾವನೆಯಲ್ಲಿ, ಭಾಸ ಸೌಮಿಲ್ಲ ಕವಿಪುತ್ರರಂಥ ಹಿರಿಯರ ಕೃತಿಗಳಿರಲು ಹೊಸಬನ ನಾಟಕಕ್ಕೆ ಆದರವೆಲ್ಲಿಯದು ಎಂಬ ಶಂಕೆಯನ್ನು ಎತ್ತಿಸಿ ತಾನೇ ಸಮಾಧಾನ ಹೇಳಿಸುವಲ್ಲಿ, ಇನ್ನೂ ಹೆಸರು ಪಡೆಯದ ತರುಣನೊಬ್ಬನ ಕಾತರ ಕ್ಷಣಕಾಲ ಕೇಳಿಸುವುದುಂಟು. ಅವನ ಎಳವೆಯ ವಿಷಯದಲ್ಲಿ ಅವನ ಬಾಯಿಂದ ನಮಗೆ ಬಂದದ್ದು ಅಷ್ಟೆ.

ಚರಿತ್ರೆ ಬಿಟ್ಟ ಆ ತೆರವನ್ನು ಜನ ತುಂಬಿಕೊಂಡರು. ತಾನು ಕುಳಿತ ಕೊಂಬೆಯನ್ನೇ ಕಡಿಯುತ್ತಿದ್ದ ಮುಗ್ಧನನ್ನು, ವಿದ್ಯಾಗರ್ವದ ರಾಜಕುಮಾರಿಯ ಮೇಲೆ ಸೇಡು ತೀರಿಸಿಕೊಳ್ಳಲೆಳಸಿದ ಪಂಡಿತರು ಅವಳಿಗೆ ಗಂಟುಹಾಕಿದರೆಂದೂ, ನಿಜ ತಿಳಿದ ಅವಳಿಂದ ತಿರಸ್ಕೃತನಾದವನು ಕಾಳಿಯ ಕೃಪೆಯಿಂದ ಕವಿಯಾದನೆಂದೂ ಹೇಳುವ ಈ ಕಥೆಯನ್ನು ಕೇಳದ ಕನ್ನಡಿಗರು ವಿರಳ; 1983ರ ‘ಕವಿರತ್ನ ಕಾಳಿದಾಸ’ ಚಲಚ್ಚಿತ್ರದಲ್ಲಿ ರಾಜ್‌ಕುಮಾರರು ಆ ಮುಗ್ಧನಾಗಿಯೂ ಆ ಕವಿಯಾಗಿಯೂ ಕಾಣಿಸಿಕೊಂಡ ಮೇಲಂತೂ ಅದು ಮನೆಮನೆಯ ಮಾತಾಯಿತು. ಕಥೆ ರಮ್ಯವಾದದ್ದು, ಸಂದೇಹವಿಲ್ಲ. ಆದರೆ ಒಂದೇ ರಾತ್ರಿಯ ವರದಿಂದ ಕವಿತ್ವ ಒದಗಿತೆಂದಮೇಲೆ, ಅದಕ್ಕೆ ಹಿಂದಿನ ವರ್ಷಗಳೆಲ್ಲ ಬರಿಯ ಅಜ್ಞಾನವೆಂದು ತಳ್ಳಿಹೋಗುತ್ತವೆ. ಕವಿಗೆ ಎಳವೆಯೇ ಇಲ್ಲದಂತಾಗುತ್ತದೆ.

ಆ ಎಳವೆಯನ್ನು ಅವನಿಗೆ ಮರಳಿ ಕೊಟ್ಟವರು ಹಿಂದಿಯ ಮೋಹನ ರಾಕೇಶರು. 1958ರಲ್ಲಿ ಪ್ರಕಟವಾದ ಅವರ ‘ಆಷಾಢ್ ಕಾ ಏಕ್ ದಿನ್’ ನಾಟಕವು ‘ಮೇಘದೂತ’ದ ಆಷಾಢವನ್ನೇ ಹೆಸರಿನಲ್ಲಿ ಹೊತ್ತುಕೊಂಡಿದೆ. ಬೆಟ್ಟದ ತಪ್ಪಲಿನ ಒಂದು ಹಳ್ಳಿ, ಹೊರಗೆ ವರ್ಷಧಾರೆ, ಒಳಗೆ ಧಾನ್ಯ ಕೇರುತ್ತ ಮಗಳ ಭವಿಷ್ಯಕ್ಕಾಗಿ ಕುದಿಯುವ ವಿಧವೆ ಅಂಬಿಕೆ, ತೋಯ್ದು ತೊಪ್ಪೆಯಾದರೂ ಮೋಡಗಳನ್ನು ಕಂಡ ಸಂಭ್ರಮದಲ್ಲಿ ಮನೆಗೆ ಬರುವ ಮಗಳು ಮಲ್ಲಿಕೆ. ಸೋದರಮಾವನ ಆಶ್ರಯದಲ್ಲಿ ದನ ಕಾಯ್ದು ಬೆಳೆದ ಯುವಕ ಕಾಳಿದಾಸನು ರಂಗಕ್ಕೆ ಬರುವುದು ಲೇಖನಿಯೊಡನೆ ಅಲ್ಲ, ರಾಜಪುರುಷನ ಬಾಣಕ್ಕೆ ಗುರಿಯಾದ ಜಿಂಕೆಯ ಮರಿಯನ್ನು ತೋಳಿನಲ್ಲಿ ಎತ್ತಿಕೊಂಡು. ‘ಶಾಕುಂತಲ’ದಲ್ಲಿ ಆಶ್ರಮಮೃಗವನ್ನು ಕೊಲ್ಲಬಾರದೆಂದು ರಾಜನನ್ನು ತಡೆಯುವ ತಪಸ್ವಿಯನ್ನೂ, ದರ್ಭೆಯ ಮೊನೆ ತಾಗಿದ ಮರಿಯ ಬಾಯಿಗೆ ಎಣ್ಣೆ ಸವರಿದ ಶಕುಂತಲೆಯನ್ನೂ ಬಲ್ಲ ಓದುಗನಿಗೆ ರಾಕೇಶರ ವಿಧಾನ ಇಲ್ಲಿಯೇ ಹೊಳೆಯುತ್ತದೆ: ಬಾಳಿನಿಂದ ಕಾವ್ಯ ಹುಟ್ಟಿದ್ದಾದರೆ, ಕಾವ್ಯದ ಹೆಜ್ಜೆ ಹಿಡಿದು ಹಿಂದಕ್ಕೆ ನಡೆದು ಬಾಳನ್ನು ಊಹಿಸಬಹುದು ಎಂಬುದು ಅವರ ನಂಬಿಕೆ. ದಾಖಲೆಗಳು ಇಲ್ಲದಿರುವಲ್ಲಿ ಕಲ್ಪನೆಗೆ ಇದಕ್ಕಿಂತ ಪ್ರಾಮಾಣಿಕವಾದ ದಾರಿಯನ್ನು ನಾನು ಕಾಣೆ.

‘ಋತುಸಂಹಾರ’ವನ್ನು ಮೆಚ್ಚಿದ ಉಜ್ಜಯಿನಿಯಿಂದ ಕರೆ ಬರುತ್ತದೆ. ಹೋಗಲೊಲ್ಲದ ಕವಿಯನ್ನು ಒತ್ತಾಯಿಸಿ ಕಳುಹಿಸುವವಳು ಅವನನ್ನು ಪ್ರೀತಿಸುವ ಮಲ್ಲಿಕೆಯೇ. ಅಲ್ಲಿ ಅವನಿಗೆ ರಾಜಕನ್ಯೆಯ ಕೈಹಿಡಿಯುವ ಭಾಗ್ಯವೂ, ಮಾತೃಗುಪ್ತನೆಂಬ ಹೆಸರಿನಿಂದ ಕಾಶ್ಮೀರದ ಆಳ್ವಿಕೆಯೂ ಒದಗುತ್ತವೆ. ಕಲ್ಹಣನ ‘ರಾಜತರಂಗಿಣಿ’ಯಲ್ಲಿ ಬರುವ ಕವಿರಾಜ ಮಾತೃಗುಪ್ತನೇ ಕಾಳಿದಾಸನೆಂದು ಹಿಂದೆ ಕೆಲವರು ವಾದಿಸಿದ್ದುಂಟು, ನಾಟಕಕಾರರು ಆ ಎಳೆಯನ್ನು ಬಳಸಿಕೊಂಡಿದ್ದಾರೆ. ಆದರೆ ಊರಿನ ಮಾರ್ಗವಾಗಿ ಹಾದುಹೋಗುವಾಗ ಅವನು ಮಲ್ಲಿಕೆಯ ಬಾಗಿಲಿಗೆ ಬರುವುದಿಲ್ಲ. ಬರುವವಳು ಅವನ ರಾಣಿ, ಬಡವಳ ಮನೆಯನ್ನು ಹೊಸದಾಗಿ ಕಟ್ಟಿಸಿಕೊಡುವೆನೆಂಬ ಔದಾರ್ಯದೊಡನೆ. ಆ ಔದಾರ್ಯದ ಪ್ರತಿಯೊಂದು ಮಾತೂ ಮಲ್ಲಿಕೆಗೆ ಇರಿತವಾಗುವ ಈ ದೃಶ್ಯವನ್ನು ಓದುವಾಗ ಕರುಳು ಹಿಂಡಿದಂತಾಗುತ್ತದೆ.

ಅಧಿಕಾರವನ್ನು ತೊರೆದು, ಮತ್ತೊಂದು ಮಳೆಯ ದಿನ ಅವನು ಹಿಂದಿರುಗಿದಾಗ, ತಾನು ಬರೆದುದೆಲ್ಲ ಈ ನೆಲದಲ್ಲಿ ಕೂಡಿಟ್ಟ ಬಾಳಿನದೇ ಎಂದೂ, ಉಮೆಯ ತಪಸ್ಸಿನಲ್ಲಿ ಮಲ್ಲಿಕೆಯೂ ಯಕ್ಷನ ವಿರಹದಲ್ಲಿ ತಾನೂ ಇದ್ದೆವೆಂದೂ ಒಪ್ಪಿಕೊಳ್ಳುತ್ತಾನೆ. ಅವನ ಮುಂದಿನ ಮಹಾಕಾವ್ಯಕ್ಕೆಂದು ಅವಳು ಕೈಯಾರೆ ಹೊಲಿದಿಟ್ಟಿದ್ದ ಖಾಲಿ ಹಾಳೆಗಳ ಮೇಲೆ ಈಗ ಕಣ್ಣೀರಿನ ಕಲೆಗಳಿವೆ. ಒಳಗೆ ಅವಳ ಮಗು ಅಳುತ್ತಿದೆ. ಕಾಲ ಕಾಯಲಿಲ್ಲವೆಂದು ತಿಳಿದ ಕವಿ ಮತ್ತೆ ಹೊರಟುಹೋಗುತ್ತಾನೆ.

ಇಂಥ ದುರ್ಬಲ ಕಾಳಿದಾಸನನ್ನು ಚಿತ್ರಿಸಿ ಮಹಾಕವಿಯನ್ನು ಕುಗ್ಗಿಸಲಾಯಿತೆಂಬ ಆಕ್ಷೇಪ ಎದ್ದಾಗ, ರಾಕೇಶರು ತಮ್ಮ ಮುಂದಿನ ನಾಟಕ ‘ಲಹರೋಂ ಕೇ ರಾಜಹಂಸ್’ದ ಮುನ್ನುಡಿಯಲ್ಲಿ, ತಮಗೆ ಕಾಳಿದಾಸನು ಒಬ್ಬ ವ್ಯಕ್ತಿಯಷ್ಟೇ ಅಲ್ಲ, ನಮ್ಮ ಸೃಜನಶಕ್ತಿಗಳ ಪ್ರತೀಕವೆಂದು ಉತ್ತರವಿತ್ತರು. ಆಕ್ಷೇಪಿಸಿದವರ ಗೌರವಬುದ್ಧಿಯನ್ನು ನಾನು ಹಳಿಯಲಾರೆ. ಆದರೂ ದಂತಕಥೆಯಲ್ಲಿ ಒಂದು ವರದಾನಕ್ಕೆ ಪಾತ್ರನಾದವನು ಇಲ್ಲಿ ಒಂದು ಹಳ್ಳಿಗೆ, ಒಂದು ಮಳೆಗಾಲಕ್ಕೆ, ಒಬ್ಬ ಹೆಣ್ಣಿಗೆ ಋಣಿಯಾಗಿದ್ದಾನೆ. ‘ಮೇಘದೂತ’ದ ಅಳಲನ್ನು ಬಲ್ಲ ನನಗೆ ಈ ಋಣಿಯೇ ಹೆಚ್ಚು ನಂಬತಕ್ಕವನಾಗಿ ತೋರುತ್ತಾನೆ.